ಸೈಟು ದಲ್ಲಾಳಿ ಕೆಂಚಣ್ಣನ ಎಂ.ಎ.

ಕೆಂಚಣ್ಣ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಹೆಗಲ ಮೇಲಿನ ಟವಲ್ಲು ತೆಗೆದು ಕೈಗಳ ಮೇಲೆ ಹೊದಿಸಿ, ಅದರಡಿ ನಿಮ್ಮ ಬೆರಳು ಹಿಡಿದು ಅದುಮುತ್ತಿದ್ದರು. ಎಷ್ಟು ಬೆರಳೋ ಅಷ್ಟು ಸಾವಿರ. ಅವರಪ್ಪ ಸಂತೆಯಲ್ಲಿ ಕುರಿ ಮಾರಿಸಿದ ರೀತಿಯಲ್ಲೇ ಮಗ ಮಧುಗಿರಿಯಲ್ಲಿ ಸೈಟು ಮಾರಿಸುತ್ತಿದ್ದರು. ಕೊಡುವವರು, ಕೊಳ್ಳುವವರು ಕೂಗಾಡಲು ಶುರುಮಾಡಿದರೆ ಅವರ ಮುಖ ಅರಳುತ್ತಿತ್ತು. “ಬಯ್ಕಳ್ಲಿ ಬುಡಪ್ಪ. ಬಾಯಿ ಮುಚ್ಕೊಂಡು ಕೂತೋರು ಕಾಫಿ ಕುಡಿಯಾಕೆ ಬಂದಿರ್ತಾರೆ” ಅನ್ನುತ್ತಿದ್ದರು.

ಊರಿನ ದಲ್ಲಾಳಿಗಳಲ್ಲಿ ಬಿ.ಎ. ಓದಿದ್ದವರು ಅವರೊಬ್ಬರೇ. ಹಾಗೆಂದು ನನ್ನ ನೆನಪು, ಬೇರೆಯವರೂ ಇದ್ದಿರಬಹುದು. ಎಪ್ಪತ್ತರ ದಶಕದಲ್ಲಿ ಆಫೀಸರುಗಳು, ವಕೀಲರು ಸೈಟು ಕೊಳ್ಳತೊಡಗಿದ್ದರು. ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಬಂದಾಗ ಪಕ್ಕದ ಮನೆಯ ಕೆಂಚಣ್ಣ ಜಗಲಿಗೆ ಕರೆದು ಕೇಳಿದರು:

“ಅಲ್ಲಪ್ಪಾ, ನಾನೂ ಎಂ.ಎ. ಮಾಡಿದ್ರೆ ಈ ಸೈಟಿನ ಕಸುಬಿಗೆ ಏನಾರ ಅನುಕೂಲ ಆಯ್ತದಾ? ಈ ಆಫೀಸರುಗಳೆಲ್ಲ ನನ್ನ ಗೇಟಿನಾಚೆಗೇ ನಿಲ್ಸಿ ಮಾತಾಡಿಸ್ತಾರೆ.”

ಒಳಗಿನಿಂದ ಅವರ ಹೆಂಡತಿ, “ಸೈಟು ತಗಳೋರು ಖಾತೆ ಕೇಳ್ತಾರೆ. ನಿನ್ನ ಮಾರ್ಕ್ಸ್ ಕಾರ್ಡು ಯಾರು ಕೇಳ್ತಾರೆ?” ಅಂದರು.

ನಾನೇನು ಹೇಳಿದೆನೋ ನೆನಪಿಲ್ಲ. ಬೇಡ ಎನ್ನಲಿಲ್ಲ, ಅಷ್ಟು ಗೊತ್ತು. ಕೆಂಚಣ್ಣ ವ್ಯವಹಾರವನ್ನು ಬಾಮೈದ ರಂಗಸ್ವಾಮಿಗೆ ಒಪ್ಪಿಸಿ, ಎರಡು ವರ್ಷ ಮೈಸೂರಿನಲ್ಲಿದ್ದು ಅರ್ಥಶಾಸ್ತ್ರ ಓದಿ ಬಂದರು.

ಬಂದ ಮೇಲೆ ಅವರ ಟವಲ್ಲಿನಡಿ ಜನ ಕೈಯಿಡಲಿಲ್ಲ. ಐ.ಡಿ.ಹಳ್ಳಿಯ ಯಜಮಾನರೊಬ್ಬರು ಕೈ ಹಿಂದಕ್ಕೆಳೆದುಕೊಂಡು, “ಬ್ಯಾಡಿ ಸ್ವಾಮಿ, ಮೇಷ್ಟ್ರ ಕೈ ಹಿಡ್ದಂಗಾಯ್ತದೆ. ನೀವೇ ಒಂದು ರೇಟು ಹೇಳ್ಬುಡಿ” ಅಂದರಂತೆ. ಹೇಳಿದ ರೇಟಿಗೆ ವಿನಯದಿಂದ ತಲೆಯಾಡಿಸಿ, ಹೊರಗೆ ಹೋಗಿ ರಂಗಸ್ವಾಮಿಯ ಹತ್ತಿರ ಚೌಕಾಸಿಗೆ ನಿಂತರಂತೆ. ಇದನ್ನು ಕೆಂಚಣ್ಣನೇ ನಗುತ್ತಾ ಹೇಳಿದ್ದು. ನಕ್ಕರೇ? ಈಗ ಅನುಮಾನ.

ರಂಗಸ್ವಾಮಿ ಚುರುಕು. ಆಫೀಸಿನ ಬೋರ್ಡಿನಲ್ಲಿ ಭಾವನ ಹೆಸರಿಗಿಂತ ದಪ್ಪಕ್ಷರದಲ್ಲಿ ಎಂ.ಎ. ಎಂದು ಬರೆಸಿದ. “ಭಾವ, ನೀವು ಒಳಗೆ ಕೂತಿರಿ ಸಾಕು. ನಿಮ್ಮನ್ನ ನೋಡೇ ಜನ ನಂಬ್ತಾರೆ. ಬಯ್ಯೋದು, ಬಯ್ಸಿಕೊಳ್ಳೋದು ನಂಗಿರ್ಲಿ” ಅಂದ. ಆಫೀಸರುಗಳು ತಾವಾಗಿ ಬಂದರು. ವ್ಯವಹಾರ ಕೊರಟಗೆರೆ, ಸಿರಾದವರೆಗೂ ಹಬ್ಬಿತು. ಎಂ.ಎ.ಯಿಂದ ಕಸುಬಿಗೆ ಅನುಕೂಲವಾಯಿತೆಂದು ಯಾರು ಬೇಕಾದರೂ ಹೇಳಬಹುದಿತ್ತು.

ಎಂಬತ್ತರ ದಶಕದಲ್ಲಿ ನಾನೂ ಅವರ ಕಡೆಯಿಂದಲೇ ಒಂದು ಸೈಟು ಕೊಂಡೆ. ಮಾತುಕತೆ ಅವರ ಆಫೀಸಿನ ಎದುರಿನ ಹೋಟೆಲಿನಲ್ಲಿ ರಂಗಸ್ವಾಮಿಯ ಮುಂದೆ ಮುಗಿಯಿತು. ಹೊರಡುವ ಮುನ್ನ ಕೆಂಚಣ್ಣನನ್ನು ಕಾಣಲು ಆಫೀಸಿನೊಳಗೆ ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರನ್ನು ನಾನು ನೋಡಿದ್ದು ಅದೇ ಕೊನೆ.

“ಹೆಂಗೆ ಮುಗೀತಪ್ಪಾ? ಯಾರು ಮೊದ್ಲು ಬಗ್ಗಿದ್ರು?”

“ಮಾತಾಡಿದ್ವಿ ಕೆಂಚಣ್ಣ, ಒಪ್ಪಿದ್ರು.”

“ಅಷ್ಟೇನಾ? ಯಾರೂ ಎದ್ದೋಗ್ಲಿಲ್ವಾ?”

ಅವರ ಮುಖ ನೋಡಿ, ಸೈಟು ಮಾರುವವರು ಒಮ್ಮೆ ಎದ್ದು ಹೋದರು ಅಂದೆ. ನಿಜಕ್ಕೂ ಹೋಗಿದ್ದರೋ ಇಲ್ಲವೋ, ಈಗ ಹೇಳಲಾರೆ.

ಕೆಂಚಣ್ಣ ಮೇಜಿನ ಮೇಲೆ ಮುಂದಕ್ಕೆ ಬಾಗಿ ಕೇಳಿದರು: “ಆಮ್ಯಾಕೆ? ವಾಪಸ್ ಕರ್ದಿದ್ದು ಯಾರು?”