ಬ್ರೇಕ್ ದೀಪಕ್ಕಾಗಿ ನರಸೀಪುರದವರೆಗೆ

ನಂಜನಗೂಡಿನಿಂದ ಬೆಳಿಗ್ಗೆ ಎಂಟಕ್ಕೆ ಹೊರಟೆವು. ನಾನು, ಅವ್ವ, ಮತ್ತು ಅಪ್ಪ ಬಿಟ್ಟುಹೋದ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಟಿ. ನರಸೀಪುರಕ್ಕೆ ಮೂವತ್ತು ಕಿಲೋಮೀಟರಿನ ಆಸುಪಾಸು. ಬಸ್ಸಿಗೆ ಒಂದು ಗಂಟೆ, ನಮ್ಮ ಕಾರಿಗೆ ಅದರ ಮನಸ್ಸು ಬಂದಷ್ಟು. ಜವಳಿ ವ್ಯಾಪಾರಿಯಾಗಿದ್ದ ಅಪ್ಪ ಜೀವಮಾನದಲ್ಲಿ ಮಾಡಿದ ಒಂದೇ ದುಂದು ಇದು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದು ಊರಿಗೆ ಹೊಸ ಹೊಸ ಕಾರು ಬಂದಿದ್ದರೂ ನಮ್ಮದು ಹೊರಟರೆ ಜನ ನಿಂತು ನೋಡುತ್ತಿದ್ದರು. ನೂಕಬೇಕಾದೀತೆಂದು ನಿಲ್ಲುತ್ತಿದ್ದರೋ ಏನೋ.

ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿತ್ತು. ಹಿಂದಿನ ಜೋಡಿ ಬ್ರೇಕ್ ದೀಪ ಮಾತ್ರ ಒಮ್ಮೆ ಹತ್ತಿದರೆ ಹತ್ತು ಸಲ ಕೈಕೊಡುತ್ತಿತ್ತು. ಮೂವರು ಮೆಕ್ಯಾನಿಕ್‌ಗಳು ಬಲ್ಬು, ಫ್ಯೂಸು, ಪೆಡಲಿನ ಸ್ವಿಚ್ಚು ಎಲ್ಲ ಬದಲಿಸಿದ್ದರು. ಅವರೆದುರು ಸಾಧುವಿನ ಹಾಗೆ ಹತ್ತುವ ದೀಪ, ರಸ್ತೆಯ ಗುಂಡಿಗೆ ಬಿದ್ದೊಡನೆ ಆರುತ್ತಿತ್ತು. ಹಿಂದಿನ ವಾರ ನಾನು ಬ್ರೇಕ್ ಹಾಕಿದ್ದು ತಿಳಿಯದೆ ಹಾಲಿನವರೊಬ್ಬರು ಸೈಕಲ್ ಸಮೇತ ಗುದ್ದಿ ಮಂಡಿ ತರಚಿಕೊಂಡರು. ಅಂದೇ ನಾನು, “ನರಸೀಪುರದ ಮಾದಯ್ಯನವರ ಕೈಲೂ ಆಗದಿದ್ರೆ ಮಾರಿಬಿಡೋಣ ಅವ್ವ” ಅಂದುಬಿಟ್ಟೆ. ಹೊರಡುವ ದಿನ ಅವ್ವ ಕರೆಯದೆಯೇ ಬಂದು ಎಡಗಡೆ ಸೀಟಿನಲ್ಲಿ ಕೂತಳು.

ದಾರಿಯುದ್ದಕ್ಕೂ ಅವಳೇ ನಮ್ಮ ಬ್ರೇಕ್ ದೀಪ. ನಾನು “ಬ್ರೇಕು” ಅಂದರೆ ಹಿಂದಕ್ಕೆ ತಿರುಗಿ ಕೈಯೆತ್ತಿ “ತಡೀರಪ್ಪಾ” ಎಂದು ಕೂಗುವಳು. ಕಾರಿಗೆ ಮೇಲುಹೊದಿಕೆ ಇಲ್ಲದ್ದರಿಂದ ಎಲ್ಲರಿಗೂ ಕಾಣುತ್ತಿತ್ತು. ಬಿಳಿಗೆರೆಯ ಹತ್ತಿರ ಟ್ರ್ಯಾಕ್ಟರಿನವನೊಬ್ಬ ಆಶೀರ್ವಾದವೆಂದು ತಿಳಿದು ಕೈಮುಗಿದ. ಅಲ್ಲೇ ಹೋಟೆಲಿನಲ್ಲಿ ಇಡ್ಲಿ, ಗಟ್ಟಿ ಚಟ್ನಿ ತಿಂದೆವು. ಕಾರ್ತೀಕದ ತಣ್ಣನೆ ಗಾಳಿ, ನಾಲೆಯ ಎರಡೂ ಕಡೆ ತೆನೆ ಕಟ್ಟಿದ ಭತ್ತ. ಅವ್ವ ಸೆರಗನ್ನು ತಲೆಗೆ ಬಿಗಿದುಕೊಂಡು ಏನೋ ಯೋಚಿಸುತ್ತಿದ್ದಳು.

ಮಾದಯ್ಯ ಅಪ್ಪನ ಕಾಲದ ವೈರಿಂಗಿನವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಬಸ್ ನಿಲ್ದಾಣದ ಹಿಂದಿನ ಅವರ ಶೆಡ್ಡಿನಲ್ಲಿ ಕಾರು ನಿಲ್ಲಿಸಿದಾಗ, “ಯಜಮಾನ್ರ ಗಾಡಿ ಅಲ್ವಾ ಸಾ?” ಎಂದು ಬಾಗಿಲು ಸವರಿದರು. ಒಂದು ಬಲ್ಬಿಗೆ ಎರಡು ವಯರು ಕಟ್ಟಿದ ಟೆಸ್ಟ್ ಲ್ಯಾಂಪು ತೆಗೆದು, “ಸಾ, ನೀವು ಇಂದ್ಗಡೆ ಬಂದು ಇದ್ನ ಇಡ್ಕಳಿ. ಅವ್ವಾರು ಬ್ರೇಕ್ ತುಳೀಲಿ” ಅಂದರು.

ಡ್ರೈವರ್ ಸೀಟೆಂದರೆ ಅಪ್ಪನ ಸೀಟು. ಅವ್ವ ಅಲ್ಲಿ ಎಂದೂ ಕೂತವಳಲ್ಲ. ಚಪ್ಪಲಿಯನ್ನು ಕೆಳಗೆ ಬಿಟ್ಟು, ಸೀಟಿನ ಅಂಚಿನಲ್ಲಿ ಕೂತು ಕಾಲು ಚಾಚಿದಳು.

“ತುಳಿದ್ರಾ ಅವ್ವಾರೆ?”

“ತುಳ್ದಿವ್ನಿ ಕಣಪ್ಪ.”

ಮಾದಯ್ಯ ಒಂದು ವಯರನ್ನು ದೀಪಕ್ಕೆ ಬರುವ ತಂತಿಗೂ ಇನ್ನೊಂದನ್ನು ಬಣ್ಣ ಕೆರೆದ ಚಾಸಿಯ ಕಬ್ಬಿಣಕ್ಕೂ ಮುಟ್ಟಿಸಿದರು. ನನ್ನ ಕೈಯ ಬಲ್ಬು ಹತ್ತಿತು. ಚಾಸಿಯಿಂದ ತೆಗೆದು ದೀಪದ ಹೋಲ್ಡರಿಗೆ ಮುಟ್ಟಿಸಿದರೆ ಆರಿತು. “ಕರೆಂಟು ಬತ್ತಾ ಅದೆ ಸಾ. ವಾಪಸ್ ಓಗಕ್ಕೆ ದಾರಿ ಇಲ್ಲ. ಎರಡ್ ದೀಪಕ್ಕೂ ಒಂದೇ ಅರ್ತಿಂಗು, ಅದು ಕೆಟ್ಟದೆ.”

ಕೆಂಪು ಗಾಜು ಬಿಚ್ಚಿದರು. ಒಳಗೆ ಗಟ್ಟಿಯಾದ ಹಳದಿ ಕೆಸರು, ಒಣಗಿದ ಸೇವಂತಿಗೆಯ ಎಸಳು, ಅದರ ಮಧ್ಯೆ ತುಕ್ಕು ತಿಂದ ಅರ್ತಿಂಗಿನ ತಿರುಪು. ನನಗೆ ಆಯುಧಪೂಜೆ ನೆನಪಾಯಿತು. ಎಲ್ಲರೂ ಗಾಡಿಗೆ ಅರಿಸಿನದ ನೀರು ಚಿಮುಕಿಸಿದರೆ ನಮ್ಮವ್ವ ಬಿಂದಿಗೆಯಲ್ಲಿ ಕದಡಿ ದೇವರಿಗೆ ಅಭಿಷೇಕ ಮಾಡುವಂತೆ ಸುರಿಯುತ್ತಿದ್ದಳು. ನೀರು ತಡೆಯುವ ದೀಪದ ರಬ್ಬರು ಸೀಳಿ ಎಷ್ಟು ವರ್ಷವಾಗಿತ್ತೋ.

ಅದು ಅರಿಸಿನದ ನೀರೆಂದು ಮಾದಯ್ಯನವರಿಗೂ ತಿಳಿಯಿತು. ಇನ್ನೂ ಬ್ರೇಕ್ ತುಳಿದುಕೊಂಡೇ ಕೂತಿದ್ದ ಅವ್ವನ ಕಡೆ ನೋಡಿ, ಬಟ್ಟೆಯಿಂದ ಸರಸರನೆ ಒರೆಸಿ, ಬೇಕೆಂದೇ ಗಟ್ಟಿಯಾಗಿ, “ಮಳೆ ನೀರು ನುಗ್ಗ್ಯದೆ ಸಾ, ಅಷ್ಟೇಯಾ” ಅಂದರು. ಆ ಮನುಷ್ಯನ ಮೇಲೆ ನನಗೆ ಬಹಳ ಪ್ರೀತಿ ಬಂತು. ಉಪ್ಪುಕಾಗದದಲ್ಲಿ ತುಕ್ಕು ತಿಕ್ಕಿ, ಹೊಸ ತಂತಿ ಕೊಟ್ಟು, ಹಳೆಯ ಟ್ಯೂಬು ಕತ್ತರಿಸಿ ರಬ್ಬರು ಕೂರಿಸಿದರು. ಗುಂಡಿ ಬಿದ್ದ ರಸ್ತೆಯಲ್ಲಿ ನನ್ನನ್ನು ಎರಡು ಸುತ್ತು ಓಡಿಸಿ ಸೈಕಲ್ಲಿನಲ್ಲಿ ಹಿಂದೆಯೇ ಬಂದು ನೋಡಿದರು. ದೀಪ ಒಮ್ಮೆಯೂ ತಪ್ಪಲಿಲ್ಲ. ಅವ್ವ ಮನೆಯಿಂದ ತಂದಿದ್ದ ರಸಬಾಳೆಯ ಚಿಪ್ಪನ್ನು ಅವರ ಕೈಗಿಟ್ಟಳು. ಸಂಗಮದಲ್ಲಿ ಕಾಲು ತೊಳೆದು ಹಿಂದಿರುಗಿದೆವು.

ಈಗ ಕೈ ತೋರಿಸುವ ಕೆಲಸವಿರಲಿಲ್ಲ. ಆದರೂ ನಾನು ನಿಧಾನಿಸಿದಾಗಲೆಲ್ಲ ಅವ್ವನ ಕೈ ಅರ್ಧ ಏಳುತ್ತಿತ್ತು. ಬಿಳಿಗೆರೆ ದಾಟಿದ ಮೇಲೆ ಕೇಳಿದಳು:

“ಮಳೆ ನೀರಿಗೆ ಅರಿಸಿನ ಯಾರಪ್ಪ ಕಲಸಿದ್ರು?”

ನಾನು ಗೇರು ಬದಲಿಸಿದೆ.

“ಒರೆಸಿದ ಬಟ್ಟೆ ನೋಡ್ದೆ ಕಣೋ. ನಿಮ್ಮಪ್ಪ ಓಡ್ಸೋ ಗಾಡಿ, ಏನೂ ಆಗದಿರ್ಲಿ ಅಂತ ಸುರೀತಿದ್ದೆ. ಹಾಲಿನವನ ಮಂಡಿ ಒಡೆದದ್ದು ನಾನೇಯಾ.” ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನೀನು ಗಾಡಿ ತಲೆಗೆ ಎರೆದೆ, ಒರೆಸೋದು ಮರೆತೆ. ಅಷ್ಟೇ ಕಣವ್ವ.”

ಅವಳು ಅಳುತ್ತಲೇ ನಕ್ಕಳು. “ಬರೋ ವರ್ಷ ಬರೀ ಬೊಟ್ಟಿಡ್ತೀನಿ.”

ಮನೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ನಾನು ಇಳಿದೊಡನೆ ಅವ್ವ ಸುತ್ತಿ ಬಂದು, ಚಪ್ಪಲಿ ಬಿಟ್ಟು, ಅಪ್ಪನ ಸೀಟಿನಲ್ಲಿ ಕೂತಳು. “ಹಿಂದೆ ಹೋಗಿ ನೋಡೋ. ಹತ್ತಿತಾ?”

“ಎರಡೂ ಹತ್ತವೆ ಕಣವ್ವ.”

“ಮಾರ್ತೀಯಾ?”

“ಇಲ್ಲ.”

ಅವ್ವ ಪೆಡಲಿನ ಮೇಲಿಂದ ಕಾಲು ತೆಗೆಯಲಿಲ್ಲ. ಕೆಂಪು ಬೆಳಕು ನಮ್ಮ ಜಗುಲಿಯ ಮೇಲೆ ಬಿದ್ದಿತ್ತು. ಬ್ಯಾಟರಿ ಇಳಿಯುತ್ತದೆ ಎಂದು ಹೇಳಬೇಕಿತ್ತು, ಹೇಳಲಿಲ್ಲ.