ಡೈರಿ ಮುಂದೆ ಹಂಚಿದ ಪಾರ್ಸಲ್‌ಗಳು

ನನ್ನ ಕೆಲಸದ ಹೆಸರು ಪ್ರೋಗ್ರಾಂ ಮ್ಯಾನೇಜರ್. ನಮ್ಮ ಬೀದಿಯವರಿಗೆ ಅದು ಏನೆಂದು ಇವತ್ತಿಗೂ ಅರ್ಥವಾಗಿಲ್ಲ. 'ಯಾವ ಪ್ರೋಗ್ರಾಂ, ಆರ್ಕೆಸ್ಟ್ರಾನಾ?' ಎಂದು ಎದುರುಮನೆಯಾಕೆ ಕೇಳಿದ್ದರು. ಪಾರ್ಸಲ್ ಹಂಚುವ ಕಂಪನಿಯೊಂದಕ್ಕೆ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ತಾಲ್ಲೂಕುಗಳಲ್ಲಿ ಯಾವ ಊರಿಗೆ ಯಾರು, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಹೋಗಬೇಕು ಎಂದು ಗೊತ್ತುಮಾಡುವವಳು ನಾನು. ಹಂಚುವವರು ಮೋಸ ಮಾಡದಂತೆ ನಿಯಮ ಬರೆಯುವವಳೂ ನಾನೇ. ಪಾರ್ಸಲ್ ಒಂದನ್ನೂ ಕೈಯಲ್ಲಿ ಮುಟ್ಟುವುದಿಲ್ಲ.

ಈ ಕೆಲಸದಿಂದ ಒಳ್ಳೆಯದೇನೂ ಆಗಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಹುಟ್ಟಿದ ಊರಿನಲ್ಲೇ ಇದ್ದು, ಮಧ್ಯಾಹ್ನ ಮನೆಯ ಮುದ್ದೆ ಉಂಡು, ಕೈತುಂಬ ಸಂಬಳ ತರುವ ಹೆಂಗಸರು ನಮ್ಮ ಕಡೆ ಎಷ್ಟು ಜನ ಇದ್ದಾರೆ? ಗುಂಡ್ಲುಪೇಟೆಯ ನಿವೃತ್ತ ಮೇಷ್ಟ್ರೊಬ್ಬರ ಕಿವಿಯ ಮಿಷನ್ನು ಮೂರು ವಾರ ಮೈಸೂರಿನಲ್ಲೇ ಬಿದ್ದಿತ್ತು. ನಾನು ವ್ಯಾನಿನ ದಾರಿ ಬದಲಿಸಿದ ಮೇಲೆ ಎರಡೇ ದಿನಕ್ಕೆ ಅವರ ಮನೆ ಸೇರಿತು. ಅವರು ಫೋನ್ ಮಾಡಿ, 'ನಿನ್ನ ಮಾತು ಸ್ಪಷ್ಟವಾಗಿ ಕೇಳಿಸ್ತಾ ಇದೆ ಕಣಮ್ಮ' ಎಂದಾಗ ಆ ದಿನವೆಲ್ಲ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಕೆಟ್ಟದ್ದು ನಿಧಾನವಾಗಿ ಮೈಗೆ ಹತ್ತುತ್ತದೆ. ಊಟದ ಮಧ್ಯೆ ಫೋನು, ಸ್ನಾನದ ಮಧ್ಯೆ ಫೋನು, ಅದನ್ನೆಲ್ಲ ಹೇಗೋ ತಡೆದುಕೊಳ್ಳಬಹುದು. ಆದರೆ ಕೂತಲ್ಲಿಂದಲೇ ಎಲ್ಲವೂ ಕಾಣುತ್ತದೆ ಎಂಬ ಒಂದು ಸೊಕ್ಕು ಬರುತ್ತದಲ್ಲ, ಅದು ದೊಡ್ಡ ಕೇಡು. ಪರದೆಯ ಮೇಲೆ ನಮ್ಮ ಹುಡುಗರು, ಗಂಡಸರು ಎಲ್ಲರೂ ಬರೀ ಚುಕ್ಕಿಗಳು. ಹಸಿರು ಚುಕ್ಕಿ ಒಳ್ಳೆಯವನು, ಕೆಂಪು ಚುಕ್ಕಿ ಕಳ್ಳ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಸೊಕ್ಕು ನನ್ನ ತಲೆಗೂ ಏರಿತ್ತು.

ಚಾಮರಾಜನಗರದ ಹತ್ತಿರದ ಉಡಿಗಾಲಕ್ಕೆ ಪಾರ್ಸಲ್ ಹಂಚುತ್ತಿದ್ದವನು ಆ ಊರಿನವನೇ, ನಲವತ್ತೈದರ ಆಸುಪಾಸಿನ ಗಂಡಸು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಂಚುವವರ ಜೊತೆ ಒಂದೊಂದು ದಿನ ಸುತ್ತಿ ವರದಿ ಬರೆಯಬೇಕಿತ್ತು. ಆತನ ಬೈಕಿನ ಹಿಂದೆ ನನ್ನ ಸ್ಕೂಟರಿನಲ್ಲಿ ಹೋದಾಗ ಮಧ್ಯಾಹ್ನವಾಗಿತ್ತು. ಊರಿನ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಅರಿಸಿನ ಕೀಳುವ ಕಾಲ, ಎಲ್ಲರೂ ಹೊಲದಲ್ಲಿದ್ದರು. ಆತ ಯಾವ ಬೀದಿಗೂ ಹೋಗದೆ ಚೀಲವನ್ನು ತನ್ನ ಮನೆಯಲ್ಲಿಟ್ಟು ಊಟಕ್ಕೆ ಕೂತ. ನನಗೆ ರೇಗಿಹೋಯಿತು. 'ಇದೇನಣ್ಣ, ಕೆಲಸ ಬಿಟ್ಟು ಊಟಕ್ಕೆ ಕೂತಿದ್ದೀರಿ?' ಎಂದೆ.

'ಈಗ ಓದ್ರೆ ಬೀಗದ ಕೈಗೆ ಕೊಟ್ಟು ಬರ್ಬೇಕಾಯ್ತದೆ ಮೇಡಂ,' ಎಂದ. 'ಸಂಜ್ಗೆ ಎಲ್ಲಾರೂ ಡೈರಿಗೆ ಆಲು ಆಕಕ್ಕೆ ಬತ್ತರೆ. ಆಗ ನೋಡಿ ನಮ್ ಆಟವ.'

ಸಂಜೆ ಹಾಲಿನ ಡೈರಿಯ ಜಗುಲಿಯ ಮೇಲೆ ಚೀಲ ಬಿಚ್ಚಿ ಕೂತ. ಕ್ಯಾನು, ಚೊಂಬು, ಬಿಂದಿಗೆ ಹಿಡಿದು ಜನ ಸಾಲಾಗಿ ಬಂದರು. ಹಾಲು ಅಳೆಸಿ ಹೊರಗೆ ಬಂದವರನ್ನು ಒಬ್ಬೊಬ್ಬರನ್ನಾಗಿ ಕೂಗಿ, ಅವರ ಫೋನಿಗೆ ಬಂದ ನಂಬರ್ ಕೇಳಿ, ಪಾರ್ಸಲ್ ಕೈಗಿಟ್ಟ. ಒಬ್ಬಾಕೆ ಅಲ್ಲೇ ಕವರು ಹರಿದು ಸೀರೆಯ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಳು. 'ಈ ಬಣ್ಣುಕ್ಕೆ ನಿನ್ನ ಅಸ ಬೆದರ್ಕಂಡು ಆಲೇ ಕೊಡಕಿಲ್ಲ ನೋಡ್ಕ ಕಣಕ್ಕ' ಎಂದು ಡೈರಿಯವನು ರೇಗಿಸಿದ. ಅರ್ಧ ಗಂಟೆಯಲ್ಲಿ ಇಪ್ಪತ್ತು ಪಾರ್ಸಲ್‌ಗಳ ಚೀಲ ಖಾಲಿ. ಒಂದೂ ವಾಪಸ್ಸಿಲ್ಲ, ಒಂದೂ ಜಗಳವಿಲ್ಲ. 'ಭೇಷ್ ಅಣ್ಣ, ಹೀಗೇ ಮಾಡಿ' ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಫೋಟೋ ಸಮೇತ ವರದಿಯಲ್ಲೂ ಬರೆದೆ.

ಆಮೇಲೆ ಗುಂಡ್ಲುಪೇಟೆಯ ರಗಳೆ ಶುರುವಾಯಿತು. ಅಲ್ಲಿ ಕೆಲವರು ಟೀ ಅಂಗಡಿಯಲ್ಲಿ ಕೂತು, ಗಿರಾಕಿಗಳಿಗೆ ಫೋನ್ ಮಾಡಿ ನಂಬರ್ ಪಡೆದು, ಪಾರ್ಸಲ್ ಕೊಡದೆಯೇ ಕೊಟ್ಟೆವೆಂದು ತೋರಿಸುತ್ತಿದ್ದರು. ದೂರಿನ ಮೇಲೆ ದೂರು. ಬೆಂಗಳೂರಿನ ಮೇಲಿನವರಿಂದ ನನಗೆ ದಿನಾ ಮಂಗಳಾರತಿ. ಕೊನೆಗೆ ಎರಡು ತಾಲ್ಲೂಕಿಗೂ ಸೇರಿಸಿ ಒಂದು ನಿಯಮ ಬರೆದೆ. ಒಂದೇ ಜಾಗದಲ್ಲಿ ನಿಂತು ಅರ್ಧ ಗಂಟೆಯೊಳಗೆ ಹತ್ತಕ್ಕಿಂತ ಹೆಚ್ಚು ಪಾರ್ಸಲ್ ಕೊಟ್ಟೆನೆಂದು ಯಾರಾದರೂ ತೋರಿಸಿದರೆ ಅವರ ಐಡಿ ತಾನಾಗಿಯೇ ಬಂದ್ ಆಗಬೇಕು. ಐಡಿ ಬಂದ್ ಆದರೆ ಕೆಲಸ ಹೋದ ಹಾಗೆ. ತಂಡದಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಅವರ ಫೋನಿಗೆ ಹೋಗುವ ಸಂದೇಶವನ್ನೂ ನಾನೇ ಬರೆದೆ. 'ನೀವು ವಂಚನೆ ಮಾಡಿರುವುದು ಕಂಡುಬಂದಿದೆ. ನಿಮ್ಮ ಸೇವೆ ಕೊನೆಗೊಂಡಿದೆ.' ಸುತ್ತಿಬಳಸದೆ, ಹಳ್ಳಿಯವರಿಗೂ ತಿಳಿಯುವ ಹಾಗೆ ಬರೆದಿದ್ದೇನೆಂದು ಒಳಗೊಳಗೇ ಬೀಗಿದೆ.

ನಿಯಮ ಜಾರಿಯಾಗುವ ಮುಂಚಿನ ಮೀಟಿಂಗಿನಲ್ಲಿ ಮೇಲಿನವರು ಒಂದೇ ಪ್ರಶ್ನೆ ಕೇಳಿದರು. 'ಸರಿಯಾಗಿ ಕೆಲಸ ಮಾಡುವವರು ಇದರಲ್ಲಿ ಸಿಕ್ಕಿಬೀಳುವ ಸಾಧ್ಯತೆ ಇದೆಯೇ?' ಉಡಿಗಾಲದ ಡೈರಿ ಕಣ್ಣಮುಂದೆ ಬಂತು. ಬರಲಿಲ್ಲ ಎಂದು ಸುಳ್ಳು ಹೇಳಲಾರೆ. ಹೇಳಿದ್ದರೆ ನಿಯಮ ಇನ್ನೊಂದು ತಿಂಗಳು ಮುಂದಕ್ಕೆ ಹೋಗುತ್ತಿತ್ತು, ಆ ತಿಂಗಳಲ್ಲೇ ನನ್ನ ಬಡ್ತಿಯ ತೀರ್ಮಾನವಿತ್ತು. ಒಂದು ಊರು ತಾನೇ, ಆಮೇಲೆ ಸರಿಮಾಡಿದರಾಯಿತು ಅಂದುಕೊಂಡೆ. 'ಇಲ್ಲ ಸರ್' ಎಂದೆ.

ನಿಯಮ ಬಂದ ನಾಲ್ಕನೆಯ ದಿನ ಆತ ಸತ್ಯಮಂಗಲ ರಸ್ತೆಯ ನಮ್ಮ ಗೋದಾಮಿಗೆ ಬಂದ. ಮುಖದಲ್ಲಿ ನಗುವಿತ್ತು.

'ಏನೋ ಎಡವಟ್ಟಾಗ್ಬುಟ್ಟದೆ ಮೇಡಂ. ನೀವೇ ಬಂದು ನೋಡಿದ್ರಲ್ಲ, ಅದ್ಕೇ ನಾನು ಗಾಬ್ರಿ ಬೀಳ್ನಿಲ್ಲ. ಮೇಡಂಗೆ ಗೊತ್ತದೆ ಬುಡು ಅಂತ ಮನೇಲೂ ಏಳಿವ್ನಿ.'

'ಮೇಲ್ ಹಾಕ್ತೀನಿ ಅಣ್ಣ' ಎಂದೆ.

ಮರುಪರಿಶೀಲನೆ ಕೇಳಲು ಹತ್ತು ದಿನಗಳ ಗಡುವಿತ್ತು. ಡೈರಿಯ ಬಗ್ಗೆ ಬರೆದ ನನ್ನ ಹಳೆಯ ವರದಿಯನ್ನು ಮೇಲ್‌ಗೆ ಲಗತ್ತಿಸಿದ್ದರೆ ಸಾಕಿತ್ತು, ಆತನ ಕೆಲಸ ಉಳಿಯುತ್ತಿತ್ತು. ಆದರೆ ಅದರ ಮೇಲೆ ನನ್ನ ಹೆಸರಿತ್ತು, ತಾರೀಖಿತ್ತು. ಗೊತ್ತಿದ್ದೂ ಮೀಟಿಂಗಿನಲ್ಲಿ ಇಲ್ಲ ಎಂದವಳು ನಾನು ಎಂದು ಯಾರಿಗಾದರೂ ತಿಳಿಯುತ್ತಿತ್ತು. ಎರಡು ಸಲ ಲಗತ್ತಿಸಿದೆ, ಎರಡು ಸಲವೂ ತೆಗೆದೆ. ಕೊನೆಗೆ 'ದಯವಿಟ್ಟು ಇನ್ನೊಮ್ಮೆ ಪರಿಶೀಲಿಸಿ' ಎಂದು ಒಂದು ಸಾಲು ಬರೆದು ಕಳಿಸಿದೆ. ಪರಿಶೀಲಿಸಿದ್ದೇವೆ, ನಿಯಮದ ಪ್ರಕಾರ ಸರಿಯಾಗಿದೆ ಎಂದು ಉತ್ತರ ಬಂತು. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ, ಅದನ್ನು ಓದಿ ನನಗೆ ಮೊದಲು ಆದದ್ದು ನಿರಾಳ.

ಆತನ ಜಾಗಕ್ಕೆ ಬಂದವನು ನಿಯಮದಂತೆ ಮಧ್ಯಾಹ್ನ ಮನೆಮನೆಗೆ ಹೋಗಿ, ಬೀಗದ ಫೋಟೋ ತೆಗೆದು, ಪಾರ್ಸಲ್‌ಗಳನ್ನು ವಾಪಸ್ ತರತೊಡಗಿದ. ಪರದೆಯ ಮೇಲೆ ಅವನ ಚುಕ್ಕಿ ಹಸಿರಾಗಿತ್ತು. ಅದೇ ವಾರ ನನ್ನ ಬಡ್ತಿಯ ಪತ್ರವೂ ಬಂತು. ಮನೆಯಲ್ಲಿ ಕೇಸರಿಬಾತು ಮಾಡಿದರು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.

ಗಡುವಿನ ಕೊನೆಯ ದಿನ ಆತ ಮತ್ತೆ ಬಂದ. ಕಂಪನಿಯ ಟೀ ಶರ್ಟನ್ನು ಒಗೆದು, ಮಡಚಿ, ಚೀಲದೊಳಗಿಟ್ಟು ತಂದಿದ್ದ. ಈ ಸಲ ನಗುವಿರಲಿಲ್ಲ.

'ಕೆಲ್ಸ ಓದ್ರೆ ಓಗ್ಲಿ ಮೇಡಂ, ಎಂಗೋ ಜೀವ್ನ ಆಯ್ತದೆ. ಆದ್ರೆ ಆ ಮೆಸೇಜ್ನ ನಮ್ಮನೆಯವ್ಳು ಓದ್ಬುಟ್ಳು. ಅಚ್ಚ ಕನ್ನಡ್ದಲ್ಲಿ ಅದೆಯಲ್ಲ. ಸುದ್ದಿ ಊರ್ಗೆಲ್ಲ ಅಬ್ತು. ಡೈರೀಲಿ ಯಾರೋ ಕೇಳುದ್ರಂತೆ, ನಿನ್ ಗಂಡ ನಮ್ ಸಾಮಾನ್ನೂ ಏನಾರ ಒಡ್ಕಂಡಿದ್ನಾ ಅಂತ. ಅವತ್ತಿಂದ ಆಲು ಆಕಕ್ಕೂ ಓಗ್ತಾ ಇಲ್ಲ. ನಾನು ಕಳ್ಳ ಅಲ್ಲ ಅಂತ ಒಂದ್ ಚೀಟಿ ಬರ್ಕೊಟ್ಬುಡಿ.'

'ಕಂಪನಿ ಹೆಸರಲ್ಲಿ ಹಾಗೆಲ್ಲ ಬರೆದುಕೊಡೋಕೆ ಆಗಲ್ಲ ಅಣ್ಣ' ಎಂದೆ. ಅದು ನಿಜವೇ. ನನ್ನ ಸ್ವಂತ ಹೆಸರಿನಲ್ಲಿ ಬರೆಯಬೇಡವೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಆತ ಜೇಬಿನಿಂದ ಫೋನ್ ತೆಗೆದ. 'ಆಯ್ತು ಬುಡಿ. ಬಾಯ್ಮಾತ್ನಲ್ಲಾದ್ರೂ ಅವ್ಳಿಗೆ ಒಂದ್ ಮಾತ್ ಏಳ್ಬುಡಿ' ಎಂದು ಹೆಂಡತಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ.

'ನಿಮ್ಮನೆಯವ್ರು ಯಾವ ತಪ್ಪೂ ಮಾಡಿಲ್ಲಮ್ಮ,' ಎಂದೆ. 'ಡೈರಿ ಹತ್ರ ನಾನೇ ಕಣ್ಣಾರೆ ನೋಡಿದ್ದೀನಿ.'

ಆಕೆ ಮೆಲ್ಲಗೆ ಕೇಳಿದಳು. 'ಮತ್ತೆ ಅಂಗ್ಯಾಕ್ ಬರ್ದ್ರು ಮೇಡಂ? ಅದ ಬರ್ದೋರು ಯಾರು?'

ಆತ ನನ್ನ ಮುಖವನ್ನೇ ನೋಡುತ್ತಿದ್ದ.

'ಕಂಪ್ಯೂಟರ್ರು ಕಣಮ್ಮ,' ಎಂದೆ. 'ಅದಕ್ಕೆ ಮನುಷ್ಯರು ಗೊತ್ತಾಗಲ್ಲ.'

ಆತ ಫೋನ್ ತೆಗೆದುಕೊಂಡು, 'ಕೇಳುಸ್ಕಂಡ್ಯಾ? ಮೇಡಮ್ಮೋರೇ ಏಳುದ್ರು' ಎಂದ. ಧ್ವನಿಯಲ್ಲಿ ಎಷ್ಟೋ ದಿನಗಳ ಭಾರ ಇಳಿದಂತಿತ್ತು. ಟೀ ಶರ್ಟಿದ್ದ ಚೀಲವನ್ನು ನನ್ನ ಮೇಜಿನ ಮೇಲಿಟ್ಟು, 'ದೊಡ್ಡ ಉಪ್ಕಾರ ಆಯ್ತು' ಎಂದು ಎರಡೂ ಕೈ ಜೋಡಿಸಿ ನನಗೆ ಮುಗಿದು ಹೋದ.