ಊರಿಲ್ಲದ ವಿಳಾಸ

ಮನೆಗೆ ಮದುವೆಯ ಕಾರ್ಡು ಬಂದರೆ ನನ್ನ ಹೆಂಡತಿ ಸರೋಜ ವಧೂವರರ ಹೆಸರು ಓದುತ್ತಾಳೆ. ನಾನು ನೇರವಾಗಿ ಕೆಳಗಿಳಿದು ಕೊನೆಯ ಸಾಲು ಓದುತ್ತೇನೆ. ಇದು ದುರಭ್ಯಾಸವಲ್ಲ ಸ್ವಾಮಿ, ಅನ್ನ ಕೊಟ್ಟ ವಿದ್ಯೆ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತ ಆಯಸ್ಸು ಸವೆಸಿದವನಿಗೆ ಪತ್ರ ಯಾರಿಗೆ ಎಂಬುದು ಮುಖ್ಯವಲ್ಲ, ಯಾವ ಊರಿಗೆ ಎಂಬುದಷ್ಟೇ ಮುಖ್ಯ; ಊರು ಇರುವುದು ಕೊನೆಯಲ್ಲಿ. ಹೆಸರು, ಮನೆ ನಂಬರು, ಅಡ್ಡರಸ್ತೆಗಳೆಲ್ಲ ಆಮೇಲಿನ ಮಾತು.

ನಿವೃತ್ತನಾದ ಮೇಲೆ ಈ ವಿದ್ಯೆ ಮೂಲೆಗೆ ಬಿತ್ತೆಂದುಕೊಂಡಿದ್ದೆ. ಮೊಬೈಲು ಬಂದು ಅದಕ್ಕೆ ಮರುಜೀವ ಕೊಟ್ಟಿತು. ಇಂಟರ್ನೆಟ್ಟಿನ ವಿಳಾಸಕ್ಕೂ ಕೊನೆಯ ಚುಕ್ಕಿಯ ಆಚೆ ಇರುವುದೇ ಊರು: ಡಾಟ್ ಕಾಮ್, ಡಾಟ್ ಇನ್. ನಮ್ಮ ಜರಗನಹಳ್ಳಿಯ ಓಣಿಯಲ್ಲಿ ಯಾರ ಫೋನಿಗೆ ಅನುಮಾನದ ಲಿಂಕು ಬಂದರೂ ತಂದು ನನ್ನ ಮುಂದೆ ಹಿಡಿಯುತ್ತಿದ್ದರು. ನಾನು ಬಾಲ ನೋಡಿ ತೀರ್ಪು ಕೊಡುತ್ತಿದ್ದೆ. ಸ್ವಲ್ಪ ಜಂಬವೂ ಬಂದಿತ್ತೆಂದೇ ಹೇಳಬೇಕು.

ಕಳೆದ ಸೋಮವಾರ ಸರೋಜಳ ಫೋನಿಗೆ ಒಂದು ಮೆಸೇಜು ಬಂತು. ಅವಳ ಕತ್ತಿನಲ್ಲೊಂದು ಗಂಟು. ಜಯನಗರದ ಲ್ಯಾಬಿನಲ್ಲಿ ಅದಕ್ಕೆ ಸೂಜಿ ಹಾಕಿ ಪರೀಕ್ಷೆಗೆ ಮಾದರಿ ತೆಗೆದುಕೊಂಡಿದ್ದರು, ರಿಪೋರ್ಟು ಫೋನಿಗೇ ಬರುತ್ತದೆ ಎಂದಿದ್ದರು. ಬಂದ ಲಿಂಕಿನ ಕೊನೆಯಲ್ಲಿ ಕಾಮ್ ಇಲ್ಲ, ಇನ್ ಇಲ್ಲ. ಚುಕ್ಕಿಯ ಆಚೆ ಆ ಲ್ಯಾಬು ನಡೆಸುವ ಕಂಪನಿಯ ಹೆಸರೇ ಕೂತಿತ್ತು. ಊರಿರಬೇಕಾದ ಜಾಗದಲ್ಲಿ ಯಜಮಾನನ ಹೆಸರು. "ಇದು ಮೋಸದ್ದು, ಮುಟ್ಬೇಡ" ಎಂದೆ.

ಮಹಡಿ ಮನೆಯಲ್ಲಿ ಬಾಡಿಗೆಗಿರುವ ಅಶ್ವಿನಿ ಕಂಪ್ಯೂಟರ್ ಕೆಲಸದವಳು. ಮರುದಿನ ಮೆಟ್ಟಿಲ ಹತ್ತಿರ ಸಿಕ್ಕಾಗ ಚೀಟಿಯಲ್ಲಿ ಬರೆದುಕೊಂಡಿದ್ದ ಆ ವಿಳಾಸವನ್ನು ಅವಳಿಗೆ ತೋರಿಸಿದೆ. "ಸರಿಯಾಗೇ ಇದೆ ಅಂಕಲ್. ದೊಡ್ಡ ಕಂಪನಿಯವರು ಆ ಕೊನೇ ಹೆಸರನ್ನೇ ತಮ್ಮದು ಮಾಡ್ಕೊಂಡಿರ್ತಾರೆ. ಅದರ ಕೆಳಗೆ ಬೇರೆ ಯಾರೂ ಅಡ್ರೆಸ್ ಮಾಡೋಕಾಗಲ್ಲ. ಇನ್ನೂ ಸೇಫು" ಎಂದಳು.

ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಜರಗನಹಳ್ಳಿ ಒಂದು ಕಾಲಕ್ಕೆ ತಾನೇ ಊರು, ಈಗ ವಿಳಾಸದಲ್ಲಿ ಜೆ.ಪಿ. ನಗರದ ಮೇಲಿನ ಒಂದು ಸಾಲು, ಕೆಲವರು ಅದನ್ನೂ ಬರೆಯುವುದಿಲ್ಲ. ಊರುಗಳು ಹೀಗೆ ಕರಗುತ್ತಿರುವಾಗ ಕಂಪನಿಯೊಂದು ಯಾವ ಊರಿಗೂ ಸೇರದೆ ತಾನೇ ಊರಾಗಿ ಕೂತಿದೆ. ಅಲ್ಲಿ ಬೀದಿಯೂ ಅದರದೇ, ಮನೆಯೂ ಅದರದೇ, ಬಾಗಿಲ ಕೀಲಿಯೂ ಅದರದೇ. ನನ್ನ ಹೆಂಡತಿಯ ಕತ್ತಿನ ಗುಟ್ಟು ನಾವು ಕಾಣದ ಆ ಊರಿನಲ್ಲಿದೆ, ನಮಗಿಂತ ಮೊದಲು ಅದಕ್ಕೆ ಗೊತ್ತಾಗಿದೆ.

ಆದರೆ ನನ್ನ ಭಯ ಅದಲ್ಲ, ನಿಮ್ಮ ಹತ್ತಿರ ಸುಳ್ಳೇಕೆ. ಅಶ್ವಿನಿ ಹೇಳಿದ್ದನ್ನು ನಾನು ಸರೋಜಳಿಗೆ ಹೇಳಲಿಲ್ಲ. ಮಂಗಳವಾರ ಹೇಳಲಿಲ್ಲ, ಬುಧವಾರವೂ ಹೇಳಲಿಲ್ಲ. ಲ್ಯಾಬಿಗೆ ನಾನೇ ಹೋಗಿ ವಿಚಾರಿಸುತ್ತೇನೆಂದು ಹೊರಟು, ಕನಕಪುರ ರಸ್ತೆಯ ಬಸ್ ಸ್ಟಾಪಿನಲ್ಲಿ ನಿಂತು, ಬಂದ ಬಸ್ಸುಗಳನ್ನೆಲ್ಲ ಬಿಟ್ಟು, ಎರಡು ಕಟ್ಟು ಸೊಪ್ಪು ಹಿಡಿದು ವಾಪಸು ಬಂದೆ. ವಿಳಾಸ ಸುಳ್ಳಾಗಿರುವವರೆಗೆ ರಿಪೋರ್ಟು ಬಂದೇ ಇಲ್ಲ, ಗಂಟು ಬರೀ ಗಂಟು. ಅವಳು ಕನ್ನಡಿಯ ಮುಂದೆ ನಿಂತು ಅದನ್ನು ಬೆರಳಿನಿಂದ ಒತ್ತಿ ನೋಡಿಕೊಳ್ಳುವುದನ್ನು ಕಂಡೂ ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ. ನೆನೆದರೆ ನಾಚಿಕೆಯಾಗುತ್ತದೆ.

ಇವತ್ತು ಬೆಳಿಗ್ಗೆ ಅವಳು ಕಾಫಿಯ ಜೊತೆ ಫೋನನ್ನೂ ತಂದು ನನ್ನ ಮುಂದಿಟ್ಟಳು. ಲಿಂಕು ತೆರೆದಿತ್ತು.

"ಅಶ್ವಿನೀನ ನಾನೇ ಕೇಳ್ದೆ ರೀ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು. "ಕೊನೇ ಸಾಲು ನಾನು ಓದಿದೀನಿ. ನೀವು ಮೇಲಿಂದ ನಿಧಾನಕ್ಕೆ ಓದ್ಕೊಂಡು ಬನ್ನಿ. ಇಲ್ಲೇ ಕೂತಿರ್ತೀನಿ."

ಅವಳ ಮುಖ ನೋಡಿದೆ, ಏನೂ ತಿಳಿಯಲಿಲ್ಲ. ಕನ್ನಡಕ ಹಾಕಿಕೊಂಡೆ. ಕಣ್ಣು ಹಳೇ ಚಾಳಿಯಂತೆ ಕೆಳಕ್ಕೆ ಜಾರಲು ಹವಣಿಸಿತು. ಅಂಗೈಯಿಂದ ಪರದೆಯ ಕೆಳಭಾಗ ಮುಚ್ಚಿದೆ. ಮೊದಲ ಸಾಲಿನಲ್ಲಿ ಸರೋಜಳ ಹೆಸರಿತ್ತು. ಲಕ್ಷಾಂತರ ಕಾಗದಗಳು ಕೈಯಲ್ಲಿ ಹಾದುಹೋದ ಮೇಲೆ, ಪತ್ರ ಯಾರಿಗೆ ಎಂದು ಇವತ್ತು ಮೊದಲ ಸಲ ಓದಿದೆ.